ಗಾಳಿಯನ್ನು ಮೊದಲು ಓದಿ, ಗೆರೆ ಆಮೇಲೆ ಎಳೆಯಿರಿ

ಹವಾಮಾನ ನಕ್ಷೆ ಓದುವುದನ್ನು ಕಲಿಸುವ ಪಠ್ಯಗಳಲ್ಲಿ ಹೆಚ್ಚಿನವು ಯುರೋಪ್, ಅಮೆರಿಕದ ಹವೆಯನ್ನು ಮುಂದಿಟ್ಟುಕೊಂಡು ಬರೆದವು. ಕೋಲ್ಡ್ ಫ್ರಂಟ್, ವಾರ್ಮ್ ಫ್ರಂಟ್ (ತಣ್ಣನೆಯ, ಬೆಚ್ಚನೆಯ ಗಾಳಿರಾಶಿಗಳು ಸಂಧಿಸುವ ಗಡಿಗಳು) ಎಂದು ಅರ್ಧ ಸೆಮಿಸ್ಟರ್ ಕಳೆದುಹೋಗುತ್ತದೆ. ಆಮೇಲೆ ಜುಲೈ ತಿಂಗಳ ಕರಾವಳಿಯ ನಕ್ಷೆ ಕೈಗೆ ಬಂದಾಗ ವಿದ್ಯಾರ್ಥಿ ಅದರಲ್ಲಿ ಇಲ್ಲದ ಫ್ರಂಟ್ ಹುಡುಕುತ್ತಾನೆ. ನಮ್ಮ ಅಕ್ಷಾಂಶದಲ್ಲಿ ಕಲಿಕೆ ಗಾಳಿಯಿಂದಲೇ ಶುರುವಾಗಬೇಕು. ಅದಕ್ಕೆ ಲೆಕ್ಕದ ಆಧಾರವಿದೆ.

ನೂರು ಕಿಲೋಮೀಟರಿಗೆ 1 ಹೆಕ್ಟೊಪ್ಯಾಸ್ಕಲ್ ವಾಯುಭಾರದ ವ್ಯತ್ಯಾಸ ಇದೆ ಎನ್ನಿ. ವಾಯುಭಾರದ ತಳ್ಳು ಮತ್ತು ಕೊರಿಯಾಲಿಸ್ ಬಲ (ಭೂಮಿಯ ತಿರುಗುವಿಕೆಯಿಂದ ಗಾಳಿಯನ್ನು ಪಕ್ಕಕ್ಕೆ ಬಾಗಿಸುವ ಬಲ) ಸಮತೂಗುತ್ತವೆ ಎಂದು ಹಿಡಿಯುವ ಸೂತ್ರದ ಪ್ರಕಾರ 45 ಡಿಗ್ರಿ ಅಕ್ಷಾಂಶದಲ್ಲಿ ಸುಮಾರು 16 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಗಾಳಿ ಬರುತ್ತದೆ. ಮಂಗಳೂರು, ಬೆಂಗಳೂರು ಇರುವ 13 ಡಿಗ್ರಿಯಲ್ಲಿ ಕೊರಿಯಾಲಿಸ್ ಬಲ ಅಲ್ಲಿನ ಮೂರನೇ ಒಂದು ಭಾಗದಷ್ಟೇ. ಹಾಗಾಗಿ ಅದೇ ವ್ಯತ್ಯಾಸಕ್ಕೆ ಸೂತ್ರ 50 ನಾಟ್ ಹೇಳುತ್ತದೆ. ಅಂದರೆ ಒಂದು ಬ್ಯಾರೋಮೀಟರ್ ಅರ್ಧ ಹೆಕ್ಟೊಪ್ಯಾಸ್ಕಲ್ ತಪ್ಪು ತೋರಿಸಿದರೂ ನಿಮ್ಮ ಸಮಭಾರ ರೇಖೆಗಳು (ಒಂದೇ ವಾಯುಭಾರದ ಜಾಗಗಳನ್ನು ಸೇರಿಸುವ ಗೆರೆಗಳು) 25 ನಾಟ್‌ನ ಸುಳ್ಳು ಗಾಳಿಯನ್ನು ಹುಟ್ಟಿಸುತ್ತವೆ. ಗಾಳಿಮಾಪಕ ಅಷ್ಟು ದೊಡ್ಡ ತಪ್ಪು ಮಾಡುವುದು ಅಪರೂಪ.

ಮೊದಲ ಕೆಲಸ, ನಕ್ಷೆಯಲ್ಲಿ ಹವಾಮಾನ ಕೇಂದ್ರಗಳ ಗುರುತುಗಳನ್ನು ಸರಿಯಾಗಿ ಓದುವುದು. ಕೇಂದ್ರವನ್ನು ತೋರಿಸುವ ವೃತ್ತದ ಎಡಮೇಲೆ ಉಷ್ಣಾಂಶ, ಎಡಕೆಳಗೆ ಇಬ್ಬನಿ ಬಿಂದು (ಗಾಳಿಯ ತೇವ ಹನಿಗಟ್ಟಲು ಶುರುವಾಗುವ ಉಷ್ಣಾಂಶ), ಬಲಮೇಲೆ ಮೂರಂಕಿಯ ವಾಯುಭಾರ. 062 ಎಂದಿದ್ದರೆ 1006.2, 978 ಎಂದಿದ್ದರೆ 997.8. ಗಾಳಿಯ ಕಡ್ಡಿ ಗಾಳಿ ಬರುವ ದಿಕ್ಕಿಗೆ ಚಾಚಿರುತ್ತದೆ. ಅರ್ಧ ಗರಿ 5 ನಾಟ್, ಪೂರ್ತಿ ಗರಿ 10, ತ್ರಿಕೋನ 50. ಇಬ್ಬನಿ ಬಿಂದು ಉಷ್ಣಾಂಶಕ್ಕಿಂತ ಹೆಚ್ಚಿದ್ದರೆ ಆ ವರದಿಯಲ್ಲೇ ದೋಷವಿದೆ. ಪೆನ್ಸಿಲ್ ಎತ್ತುವ ಮೊದಲೇ ಅದಕ್ಕೊಂದು ಗುರುತು ಹಾಕಿ.

ಎರಡನೆಯದು ಸಮಯ. ನಮ್ಮಲ್ಲಿ ವಾಯುಭಾರ ಬೆಳಿಗ್ಗೆ ಹತ್ತರ ಸುಮಾರಿಗೆ ಏರಿ, ಮಧ್ಯಾಹ್ನ ನಾಲ್ಕರ ಹೊತ್ತಿಗೆ ಎರಡು-ಮೂರು ಹೆಕ್ಟೊಪ್ಯಾಸ್ಕಲ್ ಇಳಿಯುತ್ತದೆ. ಇದು ದಿನನಿತ್ಯದ ಏರಿಳಿತ. ಬೆಳಿಗ್ಗೆ 8.30ರ ನಕ್ಷೆಯನ್ನು ಸಂಜೆ 5.30ರ ನಕ್ಷೆಯ ಪಕ್ಕದಲ್ಲಿಟ್ಟು 'ವಾಯುಭಾರ ಕುಸಿತವಾಗುತ್ತಿದೆ' ಎಂದು ಬರೆಯುವುದು ತರಗತಿಯಲ್ಲಿ ಅತಿ ಹೆಚ್ಚು ಕಾಣುವ ತಪ್ಪು. 8.30ನ್ನು ಹಿಂದಿನ ದಿನದ 8.30ರೊಂದಿಗೇ ಹೋಲಿಸಿ. ಆ 24 ಗಂಟೆಯ ಬದಲಾವಣೆಯನ್ನು ಪ್ರತ್ಯೇಕ ಹಾಳೆಯಲ್ಲಿ ಗುರುತಿಸಿದರೆ, ಮುಖ್ಯ ನಕ್ಷೆಯಲ್ಲಿ ಕಾಣದ ಇಳಿಕೆ ಅಲ್ಲಿ ಎದ್ದು ಕಾಣುತ್ತದೆ.

ಈಗ ಗೆರೆ. ಗಾಳಿ ಹರಿಯುವ ದಾರಿಯನ್ನು ಮೊದಲು ತೆಳುವಾಗಿ ಎಳೆಯಿರಿ. ಅದು ಎಲ್ಲಿ ಸುತ್ತುತ್ತದೆ, ಎಲ್ಲಿ ಒಗ್ಗೂಡುತ್ತದೆ ನೋಡಿ. ಆಮೇಲೆ ಸಮಭಾರ ರೇಖೆಗಳು, ಎರಡೆರಡು ಹೆಕ್ಟೊಪ್ಯಾಸ್ಕಲ್ ಅಂತರದಲ್ಲಿ: 1004, 1006, 1008. ವರದಿಗಳು ದಟ್ಟವಾಗಿರುವ ಕಡೆಯಿಂದ ಶುರುಮಾಡಿ ಖಾಲಿ ಕಡಲಿನತ್ತ ಹೋಗಿ. ಗೆರೆ ಗೆರೆಯನ್ನು ದಾಟಬಾರದು, ನಕ್ಷೆಯ ನಡುವೆ ಕೊನೆಯಾಗಬಾರದು.

ಮುಂಗಾರಿನಲ್ಲಿ ಕರಾವಳಿಯ ಭಾರೀ ಮಳೆಗೆ ಹಲವು ಸಲ ಕಾರಣವಾಗುವ ಟ್ರಫ್ (ಉದ್ದಕ್ಕೆ ಚಾಚಿದ ಕಡಿಮೆ ವಾಯುಭಾರದ ಪಟ್ಟಿ) ಸಿಗುವುದು ಈ ಹಂತದಲ್ಲೇ. ತೀರದಾಚೆ ಸಮಭಾರ ರೇಖೆಗಳು ದಕ್ಷಿಣಕ್ಕೆ ಜೋತುಬಿದ್ದಂತೆ ಬಾಗುತ್ತವೆ. ಬಾಗು ಚಿಕ್ಕದು, ಗೆರೆ ನಯವಾಗಿ ಕಾಣಲೆಂದು ರಬ್ಬರು ಹಿಡಿದವರು ಅಳಿಸುವುದೂ ಅದನ್ನೇ. ಪಶ್ಚಿಮದ ಗಾಳಿ ಬೀಸಬೇಕಾದ ಕಾಲದಲ್ಲಿ ಮಂಗಳೂರಿನಲ್ಲೋ ಹೊನ್ನಾವರದಲ್ಲೋ 5 ನಾಟ್ ಪೂರ್ವದ ಗಾಳಿ ಕಂಡರೆ ಅದನ್ನು ತಪ್ಪು ವರದಿ ಎಂದು ತಳ್ಳಿಹಾಕಬೇಡಿ. ತೀರದಾಚೆ ಪುಟ್ಟ ಸುಳಿಯೊಂದು ಕೂತಿರಬಹುದು. ರಾತ್ರಿ ನೆಲದಿಂದ ಕಡಲಿನತ್ತ ಬೀಸುವ ಬರಿಯ ನೆಲಗಾಳಿಯೂ ಆಗಿರಬಹುದು. ನೆಲಗಾಳಿಯಾದರೆ ಆಕಾಶ ಹೆಚ್ಚಾಗಿ ತೆರೆದಿರುತ್ತದೆ, 24 ಗಂಟೆಯ ಬದಲಾವಣೆ ಸೊನ್ನೆಯ ಆಸುಪಾಸಿನಲ್ಲಿರುತ್ತದೆ, ಬಿಸಿಲೇರುತ್ತಿದ್ದಂತೆ ಗಾಳಿ ತಿರುಗುತ್ತದೆ. ಸುಳಿಯಾದರೆ ವಾಯುಭಾರ ನಿನ್ನೆಗಿಂತ ಇಳಿದಿರುತ್ತದೆ, ಮೋಡ ಎಂಟಕ್ಕೆ ಎಂಟು ಭಾಗ ಮುಚ್ಚಿರುತ್ತದೆ, ಮಳೆಯೂ ಜೊತೆಗಿರುತ್ತದೆ. ಲಕ್ಷದ್ವೀಪದ ಅಮಿನಿದಿವಿಯ ವಾಯುಭಾರ ಮಂಗಳೂರಿಗಿಂತ ಎಷ್ಟು ಹೆಚ್ಚಿದೆ ಎಂಬುದನ್ನೂ ನಿನ್ನೆಯ ಅಂಕಿಯೊಂದಿಗೆ ಹೋಲಿಸಿ.

ಒಳನಾಡಿನಲ್ಲಿ ಮೋಸ ಬೇರೆ ತೆರನದು. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿನ ವಾಯುಭಾರ ಸುಮಾರು 910. ಸಮುದ್ರಮಟ್ಟಕ್ಕೆ ಇಳಿಸಿ ಹೇಳಲು ಇನ್ನೂ ನೂರರಷ್ಟು ಸೇರಿಸುತ್ತೇವೆ. ಆ ಲೆಕ್ಕಕ್ಕೆ ಬಳಸುವ ಉಷ್ಣಾಂಶ 5 ಡಿಗ್ರಿ ತಪ್ಪಿದರೆ ಸುಮಾರು 1.8 ಹೆಕ್ಟೊಪ್ಯಾಸ್ಕಲ್ ತಪ್ಪುತ್ತದೆ, ಹೆಚ್ಚುಕಮ್ಮಿ ಒಂದು ರೇಖೆಯಷ್ಟು. ಮಲೆನಾಡು, ಎತ್ತರದ ಬಯಲಿನ ಮೇಲೆ ಒಂಟಿ ಕೇಂದ್ರವನ್ನು ಸುತ್ತುವ ಪುಟ್ಟ 'ಕುಸಿತ'ಗಳನ್ನು ಅನುಮಾನದಿಂದಲೇ ನೋಡಬೇಕು.

ಮೇಲಿನ ಗಾಳಿಯಲ್ಲಿ ನಮಗೆ ಮೊದಲು ಬೇಕಾದದ್ದು 850 ಹೆಕ್ಟೊಪ್ಯಾಸ್ಕಲ್ ಮಟ್ಟ, ಅಂದರೆ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರ. ಅಲ್ಲಿ ಗಾಳಿ ಘಟ್ಟಕ್ಕೆ ಎದುರಾಗಿ 30 ನಾಟ್ ಮೀರಿ ಬೀಸುತ್ತಿದ್ದು, ಕೆಳಗೆ ಟ್ರಫ್ ಕೂಡ ಇದ್ದರೆ ಭಾರೀ ಮಳೆಗೆ ಬಲವಾದ ಆಧಾರ ಸಿಕ್ಕಿತು. ಎರಡರಲ್ಲಿ ಒಂದೇ ಇದ್ದರೆ ಮುನ್ಸೂಚನೆಯನ್ನು ಒಂದು ಮೆಟ್ಟಿಲು ಕೆಳಗೆ ಬರೆಯಿರಿ.

ಬರೆಯುವಾಗ ಪದಗಳಿಗೆ ಅಳತೆಯಿದೆ. ದಿನಕ್ಕೆ 64.5 ಮಿಲಿಮೀಟರ್‌ನಿಂದ 115.5ರವರೆಗೆ ಭಾರೀ ಮಳೆ, 204.4ರವರೆಗೆ ಅತಿ ಭಾರೀ, ಅದಕ್ಕೂ ಮೇಲೆ ಅತ್ಯಂತ ಭಾರೀ. 'ಒಂದೆರಡು ಕಡೆ' ಎಂದರೆ ಕೇಂದ್ರಗಳ ನಾಲ್ಕನೇ ಒಂದು ಭಾಗದವರೆಗೆ. 'ಬಹುತೇಕ ಎಲ್ಲ ಕಡೆ' ಎಂದರೆ ಮುಕ್ಕಾಲಕ್ಕಿಂತ ಹೆಚ್ಚು. ಇವನ್ನು ಅಂದಾಜಿನ ಮಾತಿನಂತೆ ಬಳಸಬಾರದು.

ಅಂಕ ಕೊಡುವವರಿಗೂ ಒಂದು ಮಾತು. ಜುಲೈಯಲ್ಲಿ ಉಡುಪಿಗೆ 'ಮಳೆ ಬರುತ್ತದೆ' ಎಂದರೆ ನಕ್ಷೆ ನೋಡದವನೂ ಗೆಲ್ಲುತ್ತಾನೆ. 64.5 ದಾಟುತ್ತದೋ ಇಲ್ಲವೋ ಎಂದು ಕೇಳಿ, ನಾಲ್ಕು ಮನೆಯ ಕೋಷ್ಟಕ ಹಾಕಿಸಿ: ಹೇಳಿದ್ದು ಬಂತು, ಹೇಳಿದ್ದು ಬರಲಿಲ್ಲ, ಹೇಳದ್ದು ಬಂತು, ಹೇಳಲೂ ಇಲ್ಲ ಬರಲೂ ಇಲ್ಲ. ಅದರ ಪಕ್ಕದಲ್ಲೇ 'ನಿನ್ನೆಯಂತೆ ಇಂದೂ' ಎಂಬ ಮುನ್ಸೂಚನೆಯ ಕೋಷ್ಟಕವೂ ಇರಲಿ. ವಿದ್ಯಾರ್ಥಿ ಎಷ್ಟು ಕಲಿತಿದ್ದಾನೆ ಎಂಬುದು ಅವೆರಡರ ನಡುವಿನ ವ್ಯತ್ಯಾಸದಲ್ಲಿದೆ. 'ಹೇಳದ್ದು ಬಂತು' ಮನೆ ತುಂಬುತ್ತಿದ್ದರೆ ಆ ದಿನಗಳ ನಕ್ಷೆಗಳನ್ನು ಮತ್ತೆ ತೆಗೆಸಿ, ಯಾವ ಕೇಂದ್ರದ ಬಾಗನ್ನು ಅಳಿಸಿದ್ದಾನೆ ಎಂದು ಹುಡುಕಿಸಿ.