ಭೂಮಿ ಇಲ್ಲವಾದರೂ ಮನುಷ್ಯ ಉಳಿಯಬಹುದೇ? ಮಣ್ಣಿನಿಂದ ಶುರು ಮಾಡೋಣ

ಕೊಡಗಿನ ಗೋಣಿಕೊಪ್ಪ, ಪೊನ್ನಂಪೇಟೆ ಕಡೆ ನನ್ನ ಜೊತೆ ವಿಜ್ಞಾನ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಪ್ರಶ್ನೆ ಇಷ್ಟೇ: ಬೇರೆ ಗ್ರಹಕ್ಕೆ ಹೋಗಿ ನೆಲೆಸಿದರೆ, ಭೂಮಿ ಹೋದ ಮೇಲೂ ಮನುಷ್ಯಕುಲ ಉಳಿಯುತ್ತದಾ? ಹೆಚ್ಚಿನವರು ರಾಕೆಟ್‌ನಿಂದ ಉತ್ತರ ಶುರು ಮಾಡುತ್ತಾರೆ. ನಾನು ಮಣ್ಣಿನ ಕಡೆಯಿಂದ ಬರುತ್ತೇನೆ. ಅದಕ್ಕೆ ಮೊದಲು ನಮಗೆ ಎಷ್ಟು ಕಾಲ ಇದೆ ಅಂತ ನೋಡಿಬಿಡೋಣ.

ಸೂರ್ಯನಿಗೆ ಈಗ ಸುಮಾರು 460 ಕೋಟಿ ವರ್ಷ. ಇನ್ನು 500 ಕೋಟಿ ವರ್ಷಕ್ಕೆ ಅದು ಉಬ್ಬಿ ಕೆಂಪು ದೈತ್ಯ ಆಗುತ್ತದೆ ಅಂತ ಎಲ್ಲರೂ ಓದಿರುತ್ತೀರಿ. ಆದರೆ ಭೂಮಿಯ ಜೀವಿಗಳಿಗೆ ಅಷ್ಟು ಸಮಯ ಸಿಗುವುದಿಲ್ಲ. ಸೂರ್ಯನ ಪ್ರಕಾಶ ಪ್ರತಿ 100 ಕೋಟಿ ವರ್ಷಕ್ಕೆ ಸುಮಾರು ಶೇ 10ರಷ್ಟು ಏರುತ್ತದೆ. ಇನ್ನೊಂದು 100 ಕೋಟಿ ವರ್ಷದ ಆಸುಪಾಸಿನಲ್ಲಿ ಸಮುದ್ರಗಳೇ ಆವಿಯಾಗುವಷ್ಟು ಬಿಸಿ ಆಗುತ್ತದೆ ಅನ್ನುವುದು ವಿಜ್ಞಾನಿಗಳ ಅಂದಾಜು. ಪರೀಕ್ಷೆ ಬರೆಯುವವರು ಈ ಎರಡು ಅಂಕಿಗಳನ್ನು ಕಲಸಬೇಡಿ.

ಅದಕ್ಕಿಂತ ಹತ್ತಿರದ ಅಪಾಯ ಕ್ಷುದ್ರಗ್ರಹ. 6.6 ಕೋಟಿ ವರ್ಷದ ಹಿಂದೆ ಸುಮಾರು 10 ಕಿ.ಮೀ. ಅಗಲದ ಒಂದು ಬಂಡೆ ಈಗಿನ ಮೆಕ್ಸಿಕೋದ ಯುಕಟಾನ್ ಹತ್ತಿರ ಬಿತ್ತು. ಡೈನೋಸಾರ್‌ಗಳ ಕಾಲ ಮುಗಿಯಿತು. ಆದರೂ ಆಗ ಸಣ್ಣ ಸಸ್ತನಿಗಳು ಬದುಕಿಕೊಂಡವು. ಗಾಳಿ ಇತ್ತು, ನೀರು ಇತ್ತು, ಮಣ್ಣು ಇತ್ತು. ಅಂಥ ಪೆಟ್ಟು ತಿಂದ ಭೂಮಿ ಕೂಡ ಇವತ್ತಿನ ಮಂಗಳ ಗ್ರಹಕ್ಕಿಂತ ಎಷ್ಟೋ ವಾಸಿ! 2022ರಲ್ಲಿ ನಾಸಾದ ಡಾರ್ಟ್ ನೌಕೆ ಡೈಮಾರ್ಫಸ್ ಎಂಬ ಪುಟ್ಟ ಕಾಯಕ್ಕೆ ಗುದ್ದಿ, ಅದು ತನ್ನ ಜೊತೆಗಾರನ ಸುತ್ತ ಸುತ್ತುವ ಅವಧಿಯನ್ನು ಅರ್ಧ ಗಂಟೆಗೂ ಜಾಸ್ತಿ ಕಡಿಮೆ ಮಾಡಿತು. ಬರುವ ಬಂಡೆಯನ್ನು ಬದಿಗೆ ತಳ್ಳುವ ಕೆಲಸವನ್ನು ನಾವು ಈಗಾಗಲೇ ಕಲಿಯುತ್ತಿದ್ದೇವೆ.

ಹೋಗುವುದಾದರೆ ಎಲ್ಲಿಗೆ? ಶುಕ್ರನಲ್ಲಿ ಸುಮಾರು 460 ಡಿಗ್ರಿ ಸೆಲ್ಸಿಯಸ್ ಕಾವು. ಅದನ್ನು ಬಿಡಿ. ಉಳಿದದ್ದು ಚಂದ್ರ ಮತ್ತು ಮಂಗಳ. ಮಂಗಳದಲ್ಲಿ ಗುರುತ್ವ ನಮ್ಮದರ ಶೇ 38. ಗಾಳಿಯ ಒತ್ತಡ ನಮ್ಮದರ ಶೇ 1ಕ್ಕಿಂತ ಕಡಿಮೆ, ಅದರಲ್ಲೂ ಶೇ 95 ಇಂಗಾಲದ ಡೈ ಆಕ್ಸೈಡ್. ಮಣ್ಣಿನಲ್ಲಿ ಪರ್‌ಕ್ಲೋರೇಟ್ ಎಂಬ ವಿಷಕಾರಿ ಲವಣ ಇದೆ, 2008ರಲ್ಲಿ ಫೀನಿಕ್ಸ್ ನೌಕೆ ಕಂಡುಹಿಡಿದದ್ದು. ಅಂದರೆ ಅಲ್ಲಿ ಬದುಕುವುದು ಮುಚ್ಚಿದ ಗೂಡಿನೊಳಗೆ ಮಾತ್ರ.

ಮುಚ್ಚಿದ ಗೂಡಿನಲ್ಲಿ ಬದುಕಿ ನೋಡಿದವರು ಇದ್ದಾರೆ. ಈ ಭಾಗವನ್ನು ನಿಧಾನವಾಗಿ ಓದಿ. ಅಮೆರಿಕದ ಅರಿಝೋನಾದಲ್ಲಿ ಬಯೋಸ್ಫಿಯರ್ 2 ಅಂತ ಮೂರು ಎಕರೆಗೂ ಸ್ವಲ್ಪ ದೊಡ್ಡದಾದ ಗಾಜಿನ ಕಟ್ಟಡ ಇದೆ. ಒಳಗೆ ಪುಟ್ಟ ಮಳೆಕಾಡು, ಪುಟ್ಟ ಸಮುದ್ರ, ಹೊಲ. 1991ರ ಸೆಪ್ಟೆಂಬರ್‌ನಲ್ಲಿ ಎಂಟು ಜನ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಎರಡು ವರ್ಷ ಇದ್ದರು. ಹದಿನಾರು ತಿಂಗಳಲ್ಲಿ ಒಳಗಿನ ಆಮ್ಲಜನಕ ಶೇ 20.9ರಿಂದ ಸುಮಾರು 14.5ಕ್ಕೆ ಇಳಿಯಿತು. ಅದು 4,000 ಮೀಟರ್ ಎತ್ತರದಲ್ಲಿ ಉಸಿರಾಡಿದ ಹಾಗೆ. ನಮ್ಮ ತಡಿಯಂಡಮೋಳ್ ಬೆಟ್ಟ ಬರೀ 1,748 ಮೀಟರ್, ಲೆಕ್ಕ ಹಾಕಿಕೊಳ್ಳಿ. ಕೊನೆಗೆ ಹೊರಗಿನಿಂದ ಆಮ್ಲಜನಕ ತುಂಬಬೇಕಾಯಿತು.

ಆಮ್ಲಜನಕ ಎಲ್ಲಿ ಹೋಯಿತು? ಬೆಳೆ ಚೆನ್ನಾಗಿ ಬರಲಿ ಅಂತ ಗೊಬ್ಬರ ತುಂಬಿದ ಫಲವತ್ತಾದ ಮಣ್ಣು ಹಾಕಿದ್ದರು. ಅದರಲ್ಲಿದ್ದ ಸೂಕ್ಷ್ಮಜೀವಿಗಳು ಆಮ್ಲಜನಕ ಎಳೆದುಕೊಂಡು ಇಂಗಾಲದ ಡೈ ಆಕ್ಸೈಡ್ ಬಿಟ್ಟವು. ಆ ಅನಿಲವನ್ನು ಗಿಡಗಳು ಪೂರ್ತಿ ಬಳಸಿಕೊಂಡಿದ್ದರೆ ಆಮ್ಲಜನಕ ವಾಪಸ್ ಬರುತ್ತಿತ್ತು. ಆದರೆ ಅದರಲ್ಲಿ ಒಂದಷ್ಟನ್ನು ಕಟ್ಟಡದ ಕಾಂಕ್ರೀಟ್ ಹೀರಿಕೊಂಡು ಸುಣ್ಣದ ಕಾರ್ಬೊನೇಟ್ ಮಾಡಿಕೊಂಡುಬಿಟ್ಟಿತು. ಗೋಡೆಯೂ ಈ ಲೆಕ್ಕದಲ್ಲಿ ಸೇರುತ್ತದೆ ಅಂತ ಮೊದಲೇ ಯಾರಿಗೂ ಹೊಳೆದಿರಲಿಲ್ಲ. ಪರಾಗಸ್ಪರ್ಶ ಮಾಡುವ ಕೀಟಗಳು ಸತ್ತವು. ಇರುವೆ, ಜಿರಲೆ ಹೆಚ್ಚಿದವು. ಒಳಗೆ ಕಾಫಿ ಗಿಡಗಳೂ ಇದ್ದವು, ಆದರೆ ಅವರಿಗೆ ಕಾಫಿ ಸಿಗುತ್ತಿದ್ದದ್ದು ಅಪರೂಪಕ್ಕೆ.

ಕಾಫಿ ಅಂದಮೇಲೆ ನಮಗೆ ಗೊತ್ತಿರುವ ಬೆಳೆಯಲ್ಲೇ ಒಂದು ಅಭ್ಯಾಸ ಮಾಡೋಣ. ಮಂಗಳದ ಗುಮ್ಮಟದೊಳಗೆ ಒಂದು ಎಕರೆ ರೋಬಸ್ಟಾ ಹಾಕಿದ್ದೀರಿ ಅಂದುಕೊಳ್ಳಿ. ಹೂವು ಬರಬೇಕಾದರೆ ಮೊದಲು ಗಿಡ ಒಣಗಿನಲ್ಲಿ ಕಾಯಬೇಕು. ಆಮೇಲೆ ಒಂದು ಇಂಚು, ಅಂದರೆ ನಮ್ಮ ಕಡೆಯ ಮಳೆ ಲೆಕ್ಕದಲ್ಲಿ ನೂರು ಸೆಂಟ್, ಹೂಮಳೆ ಬೇಕು. ಇಲ್ಲಿ ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕುತ್ತೇವೆ, ಅಲ್ಲೂ ಹಾಕಬಹುದು. ಒಂದು ಎಕರೆಗೆ ಒಂದು ಇಂಚು ಅಂದರೆ ಒಂದು ಲಕ್ಷ ಲೀಟರ್‌ಗೂ ಜಾಸ್ತಿ ನೀರು. ಅಷ್ಟನ್ನೂ ಮಂಜುಗಡ್ಡೆ ಅಗೆದು ಕರಗಿಸಿ ತರಬೇಕು. ವಾರ, ಹತ್ತು ದಿನದಲ್ಲಿ ಹೂವು ಬಿಡುತ್ತದೆ. ಈಗ ನಿಜವಾದ ತೊಡಕು: ರೋಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಬೇರೆ ಗಿಡದ ಪರಾಗ ಗಾಳಿಯಲ್ಲೋ ಜೇನಿನಿಂದಲೋ ಬರಬೇಕು. ಗುಮ್ಮಟದಲ್ಲಿ ಬೀಸುವ ಗಾಳಿ ಇಲ್ಲ. ಜೇನು ತಂದರೆ ಅದಕ್ಕೆ ವರ್ಷವಿಡೀ ಬೇರೆ ಹೂವು ಬೇಕು, ರೋಗ ಬರಬಾರದು. ತೊಂಬತ್ತರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ಕೊಡಗಿನ ತುಡುವೆ ಜೇನು ಹೇಗೆ ಕುಸಿಯಿತು ಅಂತ ಮನೆಯ ಹಿರಿಯರನ್ನು ಕೇಳಿ. ಆಗ ಸುತ್ತಲಿನ ಕಾಡಿನಲ್ಲಿ ಒಂದಷ್ಟು ಗೂಡು ಉಳಿದಿದ್ದವು. ಗುಮ್ಮಟಕ್ಕೆ ಸುತ್ತಲಿನ ಕಾಡು ಎಲ್ಲಿದೆ?

ಕಾಫಿ ಇಲ್ಲದೆಯೂ ಬದುಕಬಹುದು, ನಿಜ. ಆದರೆ ಪ್ರತಿ ಬೆಳೆಗೂ ಇಂಥದ್ದೇ ಒಂದು ಪಟ್ಟಿ ಇದೆ. ಔಷಧಿಗೆ, ಪಂಪಿನ ವಾಷರ್‌ಗೆ, ಕಂಪ್ಯೂಟರ್ ಚಿಪ್‌ಗೆ ಇನ್ನೂ ಉದ್ದದ ಪಟ್ಟಿ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ರಸ್ತೆ ಹೋದಾಗ ಹೊರಗಿನಿಂದ ಅಕ್ಕಿ, ಕಂಬಳಿ, ಸೈನಿಕರು ಬಂದರು. ಮಂಗಳಕ್ಕೆ ಹೊರಡಲು ಅನುಕೂಲದ ಸಮಯ ಸುಮಾರು 26 ತಿಂಗಳಿಗೊಮ್ಮೆ ಮಾತ್ರ. ಆಮೇಲೆ ಏಳೆಂಟು ತಿಂಗಳ ಪಯಣ. ಭೂಮಿಯಿಂದ ಸಾಮಾನು ಬರಲಿ ಅಂತ ಕಾಯುವ ವಸಾಹತು ಭೂಮಿ ಹೋದ ಕೂಡಲೇ ತಾನೂ ಹೋಗುತ್ತದೆ. ಹಾಗಾಗಿ ಪ್ರಶ್ನೆಯನ್ನು ಹೀಗೆ ತಿದ್ದಿಕೊಳ್ಳಿ: ಭೂಮಿಯಿಂದ ಏನೂ ಬಾರದೆ, ತಲೆಮಾರುಗಟ್ಟಲೆ ನಡೆಯುವ ವಸಾಹತು ಕಟ್ಟಬಹುದಾ?

ಭೌತಶಾಸ್ತ್ರ ಇದಕ್ಕೆ ಅಡ್ಡ ಬರುವುದಿಲ್ಲ. ಆಗುತ್ತದೆ ಅಂತಲೇ ನನ್ನ ನಂಬಿಕೆ, ಆಗಲಿ ಅನ್ನುವ ಆಸೆಯೂ ಇದೆ. ಆದರೆ ಕೆಲವು ದಶಕದಲ್ಲಿ ಅಲ್ಲ, ಶತಮಾನಗಳೇ ಬೇಕು.

ಸೂರ್ಯ ಬಿಸಿಯಾಗುತ್ತಾ ಹೋದರೆ ಮಂಗಳವೂ ಶಾಶ್ವತ ಅಲ್ಲ. ಆಮೇಲೆ ಬೇರೆ ನಕ್ಷತ್ರ ಹುಡುಕಬೇಕು. ಅತಿ ಹತ್ತಿರದ್ದು ಪ್ರಾಕ್ಸಿಮಾ ಸೆಂಟಾರಿ, 4.24 ಜ್ಯೋತಿರ್ವರ್ಷ. 1977ರಲ್ಲಿ ಹಾರಿದ ವಾಯೇಜರ್ 1ರ ವೇಗ ಸೆಕೆಂಡಿಗೆ ಸುಮಾರು 17 ಕಿ.ಮೀ. ಆ ವೇಗದಲ್ಲಿ ಅಷ್ಟು ದೂರಕ್ಕೆ ಸುಮಾರು 75,000 ವರ್ಷ. ನೀವೇ ಭಾಗಿಸಿ ನೋಡಿ, ಒಂದು ಜ್ಯೋತಿರ್ವರ್ಷ ಅಂದರೆ ಸುಮಾರು 9.46 ಲಕ್ಷ ಕೋಟಿ ಕಿ.ಮೀ. ವೇಗ ನೂರು ಪಟ್ಟು ಆದರೂ 750 ವರ್ಷ. ಅಷ್ಟೂ ಕಾಲ ಗೂಡಿನ ಬಾಗಿಲು ತೆಗೆಯುವಂತಿಲ್ಲ, ಹೊರಗಿನಿಂದ ಆಮ್ಲಜನಕ ತುಂಬುವವರೂ ಇಲ್ಲ.

ಮುಂದೆ ಓದುವವರಿಗೆ ನನ್ನ ಸಲಹೆ: ಮಣ್ಣಿನ ಸೂಕ್ಷ್ಮಜೀವಿ, ಬೀಜ, ಕೀಟ ಇವುಗಳಿಂದ ಶುರು ಮಾಡಿ. ಕೃಷಿ, ಅರಣ್ಯ ಓದುವವರಿಗೂ ಇಲ್ಲಿ ದೊಡ್ಡ ಕೆಲಸ ಇದೆ. 2025ರಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಹೆಸರುಕಾಳು, ಮೆಂತ್ಯ ಮೊಳಕೆ ಬರಿಸಿದರು. ಆ ಪ್ರಯೋಗ ಸಿದ್ಧವಾದದ್ದು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯಲ್ಲಿ. ಮೊಳಕೆ ಆಯಿತು. ಇನ್ನು ಹೂವು, ಕಾಯಿ, ಮತ್ತೆ ಬೀಜ, ಆ ಬೀಜದಿಂದ ಮತ್ತೆ ಗಿಡ, ಹೀಗೆ ತಲೆಮಾರಿನ ಮೇಲೆ ತಲೆಮಾರು ಬೆಳೆಸಿ ನೋಡಬೇಕು.