ದೂರು ಬರುವ ಮೊದಲೇ ಯೋಚಿಸಿ ಎನ್ನುವ ಕಾನೂನು

ಬ್ರಿಟನ್ನಿನಲ್ಲಿ ಯಾವುದೋ ಕೌನ್ಸಿಲ್ಲೋ (ಅಲ್ಲಿನ ಸ್ಥಳೀಯ ಆಡಳಿತ) ಪೊಲೀಸ್ ಇಲಾಖೆಯೋ ಕೋರ್ಟಿನಲ್ಲಿ ಸೋತಾಗ 'ಸಮಾನತೆಯ ಕರ್ತವ್ಯ ಪಾಲಿಸಿಲ್ಲ' ಎಂಬ ಮಾತು ಆಗಾಗ ಕೇಳಿಬರುತ್ತದೆ. ಏನಿದು ಕರ್ತವ್ಯ? ಸಾರ್ವಜನಿಕ ಸಂಸ್ಥೆಗಳು ದೂರು ಬರುವ ತನಕ ಕಾಯದೆ, ನಿರ್ಧಾರಕ್ಕೆ ಮುಂಚೆಯೇ ತಾರತಮ್ಯ ತಡೆಯುವ ಬಗ್ಗೆ ಯೋಚಿಸಬೇಕು ಎನ್ನುವುದೇ ಇದು.

ಜನಾಂಗೀಯ ತಾರತಮ್ಯದ ವಿರುದ್ಧ ಅಲ್ಲಿ ಮೊದಲ ಕಾಯ್ದೆ ಬಂದದ್ದು 1965ರಲ್ಲಿ. 1968ರಲ್ಲಿ ಅದು ಕೆಲಸ, ಮನೆಗಳಿಗೂ ಹಬ್ಬಿತು, 1976ರಲ್ಲಿ ಇನ್ನಷ್ಟು ಗಟ್ಟಿಯಾಯಿತು. ಆದರೆ ಹೊರೆಯೆಲ್ಲ ಅನ್ಯಾಯ ಆದವರ ಮೇಲೇ. ಮೊದಲು ಅನುಭವಿಸಬೇಕು, ಆಮೇಲೆ ದೂರು ಕೊಡಬೇಕು, ಸಾಬೀತೂ ಮಾಡಬೇಕು. ತಾರತಮ್ಯ ತಡೆಯುವ ಹೊಣೆಯನ್ನು 1976ರ ಕಾಯ್ದೆ ಸ್ಥಳೀಯ ಆಡಳಿತಗಳಿಗೆ ಹೊರಿಸಿತ್ತು ನಿಜ, ಆದರೆ ಪೊಲೀಸರು ದಾರಿಯಲ್ಲಿ ತಡೆದು ತಪಾಸಣೆ ಮಾಡುವಂಥ ಕೆಲಸ ಕಾಯ್ದೆಯ ಕೈಗೆ ಹೆಚ್ಚುಕಡಿಮೆ ಸಿಗುತ್ತಲೇ ಇರಲಿಲ್ಲ.

1993ರ ಏಪ್ರಿಲ್ 22ರಂದು ಲಂಡನ್ನಿನ ಎಲ್ಥಮ್‌ನಲ್ಲಿ, ಬಸ್ಸಿಗೆ ಕಾಯುತ್ತಿದ್ದ 18 ವರ್ಷದ ಕಪ್ಪು ಹುಡುಗ ಸ್ಟೀಫನ್ ಲಾರೆನ್ಸ್‌ನನ್ನು ಬಿಳಿಯ ಯುವಕರ ಗುಂಪು ಕೊಂದಿತು. ತನಿಖೆ ಹಳ್ಳ ಹಿಡಿಯಿತು. ಅವನ ತಂದೆ ತಾಯಿ ಪಟ್ಟು ಬಿಡಲಿಲ್ಲ. ಈ ಪ್ರಕರಣದ ಸರ್ಕಾರಿ ವಿಚಾರಣೆಯಿಂದ ಬಂದ 1999ರ ಮ್ಯಾಕ್‌ಫರ್ಸನ್ ವರದಿ ಲಂಡನ್ ಪೊಲೀಸ್ ವ್ಯವಸ್ಥೆಯೊಳಗೇ ವರ್ಣಭೇದ ಇದೆ ಎಂದಿತು. ಬೇಕೆಂದೇ ಮಾಡದಿದ್ದರೂ ರೂಢಿ, ಅಸಡ್ಡೆಗಳಿಂದಲೇ ಒಂದು ಸಂಸ್ಥೆ ಜನರಿಗೆ ಅನ್ಯಾಯ ಮಾಡಬಹುದು ಅಂತ ಸರ್ಕಾರಿ ವರದಿಯೊಂದು ಒಪ್ಪಿಕೊಂಡದ್ದು ದೊಡ್ಡ ವಿಷಯ ಅಲ್ವಾ?

ಮರುವರ್ಷವೇ 1976ರ ಕಾಯ್ದೆಗೆ ತಿದ್ದುಪಡಿ ಬಂತು. ಪೊಲೀಸ್, ಆಸ್ಪತ್ರೆ, ಶಾಲೆ, ಕೌನ್ಸಿಲ್ ಎಲ್ಲರೂ ತಾರತಮ್ಯ ಹೋಗಲಾಡಿಸಲು, ಸಮಾನ ಅವಕಾಶ ಕೊಡಲು, ಜನಾಂಗಗಳ ನಡುವೆ ಒಳ್ಳೆಯ ಸಂಬಂಧ ಬೆಳೆಸಲು ಗಮನ ಕೊಡಲೇಬೇಕು. ದೂರು ಬರಲಿ ಅಂತ ಕಾಯುವ ಹಾಗಿಲ್ಲ. ಬಹುತೇಕ ಸಂಸ್ಥೆಗಳು 2002ರ ಮೇ 31ರೊಳಗೆ ಸಮಾನತೆಯ ಯೋಜನೆ ಬರೆದು ಪ್ರಕಟಿಸಬೇಕಿತ್ತು, ಹೊಸ ನೀತಿಯಿಂದ ಯಾರಿಗೆ ಏಟು ಬೀಳುತ್ತದೆ ಅಂತ ಅಳೆಯಬೇಕಿತ್ತು. ಬರುಬರುತ್ತಾ ಎಷ್ಟೋ ಕಡೆ ನಿರ್ಧಾರ ಮೊದಲೇ ಆಗಿ, ಫಾರಂ ಮಾತ್ರ ಆಮೇಲೆ ತುಂಬುವ ಚಾಳಿ ಬೆಳೆಯಿತು. ಅಲ್ಲೇ ಕಾನೂನಿನ ಜೀವ ಹೋಗುವುದು.

2010ರ ಸಮಾನತೆ ಕಾಯ್ದೆ ಜನಾಂಗ, ಲಿಂಗ, ಅಂಗವೈಕಲ್ಯದ ಬೇರೆಬೇರೆ ಕರ್ತವ್ಯಗಳನ್ನು ಒಂದಾಗಿಸಿ, ಧರ್ಮ, ವಯಸ್ಸಿನಂಥವನ್ನೂ ಸೇರಿಸಿತು. ಇಂಗ್ಲೆಂಡಿನಲ್ಲಿ ಕಾಗದದ ಕೆಲಸ ಕಡಿಮೆಯಾಯಿತು. ಜೊತೆಗೆ, ಜನ ಕೈಯಲ್ಲಿ ಹಿಡಿದು ಪ್ರಶ್ನೆ ಕೇಳಬಹುದಾಗಿದ್ದ ಯೋಜನೆಗಳೂ ಹೋದವು. ಇಂಥದ್ದೇ ಫಲ ಸಿಗಬೇಕು ಅಂತ ಈ ಕಾನೂನು ಹೇಳುವುದಿಲ್ಲ. ನಿರ್ಧಾರಕ್ಕೆ ಮುಂಚೆ ತೆರೆದ ಮನಸ್ಸಿನಿಂದ ಯೋಚಿಸಿದ್ದೀರಾ ಅಂತಷ್ಟೇ ಕೋರ್ಟು ನೋಡುತ್ತದೆ.

ಅಷ್ಟರಿಂದಲೇ ಏನಾಗಬಹುದು ಎನ್ನುವುದಕ್ಕೆ 2020ರ ಸೌತ್ ವೇಲ್ಸ್ ಪೊಲೀಸರ ಕೇಸು ನೋಡಿ. ಬೀದಿಯಲ್ಲಿ ಮುಖ ಗುರುತಿಸುವ ಸಾಫ್ಟ್‌ವೇರ್ ಬಳಸಿದ್ದರು. ಅದು ತಾರತಮ್ಯ ಮಾಡುತ್ತದೆ ಎಂಬುದಕ್ಕೆ ಸ್ಪಷ್ಟ ಸಾಕ್ಷಿ ಇರಲಿಲ್ಲ. ಆದರೂ ಮೇಲ್ಮನವಿ ಕೋರ್ಟಿನಲ್ಲಿ ಪೊಲೀಸರು ಸೋತರು. ಬಣ್ಣ, ಲಿಂಗ ನೋಡಿ ಅದು ಎಡವುತ್ತದೆಯೇ ಅಂತ ಅವರು ಸರಿಯಾಗಿ ಪರೀಕ್ಷಿಸಿರಲಿಲ್ಲ. ಒಳಗಿನ ವಿವರ ವ್ಯಾಪಾರದ ಗುಟ್ಟು ಅಂತ ಕಂಪನಿ ಹೇಳಿದರೂ ಪೊಲೀಸರ ಹೊಣೆ ತಪ್ಪುವುದಿಲ್ಲ ಎಂದಿತು ಕೋರ್ಟು.