ಗ್ಯಾರೇಜಿನ ಗೋಡೆಗೆ ಮೊದಲ ಹಲಗೆ

ಅಮೆರಿಕದ ಮನೆಗಳಲ್ಲಿ ಗೋಡೆ ಅಂದರೆ ಹೆಚ್ಚಾಗಿ ಮರದ ಚೌಕಟ್ಟು. ಗ್ಯಾರೇಜೂ ಹಾಗೇ. ಕೆಳಗೆ ಕಾಂಕ್ರೀಟ್ ತಳಪಾಯ, ಅದರ ಮೇಲೆ ಉದ್ದಕ್ಕೆ ಮಲಗಿಸಿದ ಒಂದು ಹಲಗೆ, ಆಮೇಲೆ ಗೋಡೆ. ಆ ಹಲಗೆಯ ಹೆಸರು ಸಿಲ್ ಪ್ಲೇಟ್. ದಪ್ಪ ಬರೀ ಒಂದೂವರೆ ಇಂಚು. ಗೋಡೆ, ಚಾವಣಿ ಎಲ್ಲದರ ಭಾರವೂ ಇದರ ಮೂಲಕವೇ ತಳಪಾಯಕ್ಕೆ ಇಳಿಯುತ್ತದೆ.

ಇದರ ಮೊದಲ ಶತ್ರು ನೀರು. ಕಾಂಕ್ರೀಟ್ ಎಷ್ಟೇ ಗಟ್ಟಿಯಾಗಿ ಕಂಡರೂ ಅದರೊಳಗೆಲ್ಲ ಸೂಕ್ಷ್ಮ ರಂಧ್ರಗಳಿವೆ. ಮಣ್ಣಿನ ತೇವ ಅವುಗಳಲ್ಲಿ ಮೇಲೇರಿ ಮರ ಸೇರುತ್ತದೆ. ತೇವ ಶೇ. 20ರ ಒಳಗಿದ್ದರೆ ಮರ ಕೆಡುವುದಿಲ್ಲ. ಶೇ. 30ರ ಹತ್ತಿರ ಬಂತೋ, ಶಿಲೀಂಧ್ರ ತಿನ್ನಲು ಶುರು ಮಾಡುತ್ತದೆ. ನಮ್ಮ ಮಲೆನಾಡಿನ ಹಳೆ ಮನೆಗಳಲ್ಲಿ ಮರದ ಕಂಬವನ್ನು ಮಣ್ಣಿಗೆ ಊರದೆ ಕಲ್ಲಿನ ಮೇಲೆ ನಿಲ್ಲಿಸುತ್ತಿದ್ದುದೂ ತೇವ ಮತ್ತು ಗೆದ್ದಲಿನ ಭಯಕ್ಕೇ ಅಲ್ವಾ?

ಅದಕ್ಕೇ ಸಿಲ್ ಪ್ಲೇಟಿಗೆ ಪ್ರೆಷರ್ ಟ್ರೀಟೆಡ್ ಮರ ಬಳಸುತ್ತಾರೆ. ದೊಡ್ಡ ಉಕ್ಕಿನ ಸಿಲಿಂಡರಿನಲ್ಲಿಟ್ಟು, ಒತ್ತಡ ಹಾಕಿ, ಮರದೊಳಕ್ಕೆ ರಾಸಾಯನಿಕ ನುಗ್ಗಿಸುತ್ತಾರೆ. 2003ರ ಕೊನೆಯವರೆಗೂ ಮನೆಗಳಿಗೆ ಬಳಸುವ ಮರದಲ್ಲಿ ತಾಮ್ರ, ಕ್ರೋಮಿಯಂ ಜೊತೆ ಆರ್ಸೆನಿಕ್ ಕೂಡ ಇರುತ್ತಿತ್ತು. ವಿಷವೆಂದು ಅದನ್ನು ಕೈಬಿಟ್ಟ ಮೇಲೆ ಬಂದ ಮಿಶ್ರಣಗಳಲ್ಲಿ ತಾಮ್ರ ಜಾಸ್ತಿ. ಒದ್ದೆ ಮರದಲ್ಲಿ ತಾಮ್ರವೂ ಉಕ್ಕೂ ಒಟ್ಟಿಗಿದ್ದರೆ ಉಕ್ಕು ಬೇಗ ಸವೆಯುತ್ತದೆ. ಹಾಗಾಗಿ ಮಾಮೂಲಿ ಮೊಳೆ ಇಲ್ಲಿ ನಡೆಯುವುದಿಲ್ಲ. ದಪ್ಪಗೆ ಸತುವಿನ ಲೇಪ ಇರುವ ಮೊಳೆಯೋ ಸ್ಟೇನ್‌ಲೆಸ್ ಸ್ಟೀಲೋ ಬೇಕು. ಹಲಗೆಯ ಕೆಳಗೆ ತೆಳ್ಳನೆಯ ಫೋಮ್ ಪಟ್ಟಿ ಹಾಸಿದರೆ ತೇವವೂ ತಣ್ಣನೆ ಗಾಳಿಯೂ ನಿಲ್ಲುತ್ತವೆ.

ತಳಪಾಯ ಮೂಲೆಮಟ್ಟಕ್ಕೆ ಸರಿಯಾಗಿ ಬಂದಿರುವುದು ಅಪರೂಪ. ಅದರ ಅಂಚನ್ನು ನಂಬಬಾರದು. ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆದು, ಸಮ ಬಂದ ಮೇಲೆಯೇ ದಾರ ಹಿಡಿದು ಗೆರೆ ಹೊಡೆಯಬೇಕು. ಹಲಗೆ ಕೂರಬೇಕಾದ್ದು ಆ ಗೆರೆಗೆ.

ಇನ್ನು ಬೋಲ್ಟ್. ಕಾಂಕ್ರೀಟ್ ಹಸಿ ಇರುವಾಗಲೇ ಅರ್ಧ ಇಂಚು ದಪ್ಪದ ಬೋಲ್ಟುಗಳನ್ನು ಕನಿಷ್ಠ 7 ಇಂಚು ಆಳಕ್ಕೆ ಹುಗಿದಿರುತ್ತಾರೆ. ಸಾಮಾನ್ಯ ನಿಯಮದ ಪ್ರಕಾರ ಎರಡು ಬೋಲ್ಟುಗಳ ನಡುವೆ 6 ಅಡಿಗಿಂತ ಹೆಚ್ಚು ಅಂತರ ಇರಕೂಡದು. ಪ್ರತಿ ತುಂಡು ಹಲಗೆಗೂ ಕನಿಷ್ಠ ಎರಡು ಬೋಲ್ಟ್, ಪ್ರತಿ ತುದಿಯಿಂದ 12 ಇಂಚಿನೊಳಗೆ ಒಂದೊಂದು.

ಇಷ್ಟೊಂದು ಕಟ್ಟುನಿಟ್ಟು ಯಾಕೆ ಅಂದರೆ ಭೂಕಂಪ. ಕ್ಯಾಲಿಫೋರ್ನಿಯಾದಲ್ಲಿ ಬೋಲ್ಟ್ ಇಲ್ಲದ ಹಳೆ ಮನೆಗಳು ತಳಪಾಯದಿಂದ ಜಾರಿ ಬಿದ್ದಿವೆ. 1994ರ ಜನವರಿ 17ರ ನಾರ್ತ್‌ರಿಡ್ಜ್ ಭೂಕಂಪದಲ್ಲಿ, ಕೆಳಗೆ ಕಾರು ನಿಲ್ಲಿಸುವ ಜಾಗವಿದ್ದ ಒಂದು ಅಪಾರ್ಟ್‌ಮೆಂಟ್ ಕುಸಿದು 16 ಜನ ಸತ್ತರು. ಗ್ಯಾರೇಜಿನ ಗೋಡೆಯೂ ಇಂಥದ್ದೇ ದುರ್ಬಲ ಜಾಗ. ಮುಂದೆ ಅಷ್ಟು ಅಗಲದ ಬಾಗಿಲು ಇಟ್ಟರೆ ಅಕ್ಕಪಕ್ಕ ಉಳಿಯುವ ಗೋಡೆ ಎಷ್ಟು?

ನೆಲ ಅಲುಗಿದಾಗ ಗೋಡೆಯ ಒಂದು ತುದಿ ಮೇಲೇಳಲು ನೋಡುತ್ತದೆ. ಹೊರಗೆ ಹೊಡೆದ ಪ್ಲೈವುಡ್ ಸಿಲ್ ಪ್ಲೇಟಿನ ಅಂಚನ್ನು ಮೇಲಕ್ಕೆಳೆಯುತ್ತದೆ, ಬೋಲ್ಟ್ ನಡುಭಾಗವನ್ನು ಕೆಳಗೆ ಹಿಡಿದಿರುತ್ತದೆ. ಈ ಎಳೆದಾಟದಲ್ಲಿ ಹಲಗೆ ಸೌದೆಯ ಹಾಗೆ ಉದ್ದುದ್ದ ಸೀಳುತ್ತದೆ. ಅದಕ್ಕೇ ಭೂಕಂಪದ ಪ್ರದೇಶಗಳಲ್ಲಿ ಸಣ್ಣ ದುಂಡು ವಾಷರ್ ಸಾಲದು. 3 ಇಂಚು ಚೌಕದ ದಪ್ಪ ಉಕ್ಕಿನ ವಾಷರ್ ಹಾಕಿ ಹಲಗೆಯ ಅಗಲದ ಬಹುಭಾಗವನ್ನು ಒತ್ತಿ ಹಿಡಿಯಬೇಕು.

ಅಮೆರಿಕದಲ್ಲಿ ಹಳೆ ಮನೆ ಕೊಳ್ಳುವ ಕನ್ನಡಿಗರು ಗ್ಯಾರೇಜಿನೊಳಗೆ ಒಮ್ಮೆ ಬಗ್ಗಿ ನೋಡಬೇಕು. ಎಷ್ಟೋ ಗ್ಯಾರೇಜುಗಳಲ್ಲಿ ಗೋಡೆಯ ಒಳಭಾಗ ಮುಚ್ಚಿರುವುದಿಲ್ಲ, ಹಲಗೆಯೂ ನಟ್ಟುಗಳೂ ಕಣ್ಣಿಗೇ ಕಾಣುತ್ತವೆ. ಬೋಲ್ಟ್ ಇಲ್ಲದಿದ್ದರೆ ಕಾಂಕ್ರೀಟ್ ಕೊರೆದು ಎಪಾಕ್ಸಿ ಅಂಟಿನಿಂದ ಈಗಲೂ ಕೂರಿಸಬಹುದು.